ನೂಲುವವಳ ಮಗಳು

ಜುಮೇರಾ ಲೇಕ್ ಟವರ್ಸ್‌ನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜು ಬಹಳ ದಿನ ಖಾಲಿ ಬಿದ್ದಿತ್ತು. ಅಲ್ಲಿಗೆ ಅವಳು ಬಂದಳು. ಅಮೆರಿಕದ ಕಪ್ಪು ಜನಾಂಗದವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಗಂಡನಿಂದ ಬೇರೆಯಾಗಿ, ಇಬ್ಬರು ಮಕ್ಕಳನ್ನು ಅವರವರ ಕಾಲ ಮೇಲೆ ನಿಲ್ಲಿಸಿ ಒಬ್ಬಳೇ ದುಬೈಗೆ ಬಂದಿದ್ದಳು. ನಮ್ಮದು ಹಡಗಿನ ಸರಕಿಗೆ ವಿಮೆ ಕೊಡುವ ಕಂಪನಿ. ಜೆಬೆಲ್ ಅಲಿ ಬಂದರಿನಿಂದ ಬರುವ ಕಾಗದಪತ್ರಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ನಮ್ಮಂಥವರು ನಿಯಮ ಮೀರದಂತೆ ನೋಡಿಕೊಳ್ಳುವುದು ಅವಳದು. ಮೊದಲ ದಿನವೇ ನನ್ನ ಡಬ್ಬಿಯೊಳಗಿನ ನೀರುದೋಸೆ ನೋಡಿ, "ಇದೇನು, ಕರವಸ್ತ್ರವಾ?" ಎಂದು ಕೇಳಿದಳು. ಒಂದು ತಿಂದು ನೋಡಿದಳು. ಆಮೇಲೆ ನಾಲ್ಕು ವರ್ಷ ನನ್ನ ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ಇರುತ್ತಿತ್ತು.

ನನಗೆ ಪರಿಚಯದವರ ಕೊರತೆಯಿರಲಿಲ್ಲ. ಉಡುಪಿಯವರು, ಕುಂದಾಪುರದವರು, ಮಂಗಳೂರಿನವರು, ಒಬ್ಬರ ಮನೆಯಲ್ಲಿ ಪೂಜೆಯೆಂದರೆ ಲಿಫ್ಟಿನಲ್ಲಿ ಜಾಗ ಸಿಗದಷ್ಟು ಜನ. ಆದರೆ ಅಲ್ಲೆಲ್ಲ ನಾನು ಯಾರದೋ ಹೆಂಡತಿ, ಯಾರದೋ ಅಮ್ಮ. ನನ್ನನ್ನು ನನಗಾಗಿ ಹುಡುಕಿಕೊಂಡು ಬಂದವಳು ಅವಳೊಬ್ಬಳೇ. ಹಾಗೆಂದು ನಾನು ನಂಬಿದ್ದೆ.

ಒಂದು ಚಳಿಗಾಲದ ಮಧ್ಯಾಹ್ನ, ಆಫೀಸಿನ ಕೆಳಗೆ ಕೆರೆಯ ಬದಿಯ ಬೆಂಚಿನಲ್ಲಿ ಊಟಕ್ಕೆ ಕೂತಿದ್ದಾಗ, ಅವಳು ಚೀಲದಿಂದ ಒಂದು ಕಟ್ಟು ಕಾಗದ ತೆಗೆದಳು. ಹಳೆಯ ಕೈಬರಹದ ನಕಲುಗಳು. ಅವಳ ಅಜ್ಜಿ ಸಾಯುವ ಮೊದಲು ಒಂದು ಮಾತು ಹೇಳಿದ್ದಳಂತೆ: ನಮ್ಮ ಮೊದಲ ತಾಯಿ ವರ್ಜೀನಿಯಾದಲ್ಲಿ ಇಂಥ ಹೊಳೆಯ ದಂಡೆಯ ಇಂಥ ಧಣಿಯ ಮನೆಯಲ್ಲಿ ನೂಲುತ್ತಿದ್ದವಳು. ಬ್ರಿಟಿಷರ ವಸಾಹತು ಕಾಲದ ತಂಬಾಕಿನ ಧಣಿ ಅವನು. ಅವನ ಉಯಿಲು, ಅವನ ಭೂಮಿಯ ಕ್ರಯಪತ್ರಗಳು, ಅವನ ತೋಟದ ಪಟ್ಟಿ ಎಲ್ಲವೂ ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆ. ಆದರೆ ಅವಳಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ.

"ಇದು ಬರಹವಾ, ಇರುವೆ ಸಾಲಾ?" ಎಂದಳು.

ನಾನು ಕೈಯೊರೆಸಿಕೊಂಡು ಹಾಳೆ ತೆಗೆದುಕೊಂಡೆ. ಎರಡು ನಿಮಿಷ ಸುಮ್ಮನೆ ನೋಡಿದೆ. ಆಮೇಲೆ ಓದತೊಡಗಿದೆ.

ನನ್ನ ಅಪ್ಪ ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಕೂತು ದಸ್ತಾವೇಜು ಬರೆಯುತ್ತಿದ್ದವರು. ಶಾಲೆ ಬಿಟ್ಟ ಮೇಲೆ ನಾನು ಅವರ ಪಕ್ಕ ಚಾಪೆಯ ಮೇಲೆ ಕೂತು ಹಳೆಯ ಗೇಣಿ ಚೀಟುಗಳನ್ನು ಓದಿ ಹೇಳಬೇಕಿತ್ತು. ಮೂಡು ದಿಕ್ಕಿಗೆ ತೋಡು, ತೆಂಕು ದಿಕ್ಕಿಗೆ ಇಂಥವರ ಗದ್ದೆಯ ಅಂಚಿನ ಹುಣಿ, ಪಡು ದಿಕ್ಕಿಗೆ ಹಲಸಿನ ಮರ. ಚಕ್ಕುಬಂದಿ ಎನ್ನುತ್ತಾರೆ ಇದನ್ನು. ಊರೆಲ್ಲರ ಭೂಮಿಯ ಗಡಿ ಬರೆದ ಅಪ್ಪನಿಗೆ ತನ್ನದೆಂದು ಒಂದು ಸೆಂಟ್ಸ್ ಜಾಗವಿರಲಿಲ್ಲ. ನಾವು ಬಾಡಿಗೆ ಮನೆಯಲ್ಲೇ ಬೆಳೆದೆವು. ಆದರೆ ಎಂಥ ಕೆಟ್ಟ ಅಕ್ಷರವನ್ನೂ ಓದುವ ವಿದ್ಯೆ ಮಾತ್ರ ನನಗೆ ಆ ಜಗಲಿಯಿಂದ ಬಂತು.

ಧಣಿಯ ಕಾಗದಗಳಲ್ಲೂ ಅದೇ ಚಕ್ಕುಬಂದಿ. ಹೊಳೆಯ ದಂಡೆಯಲ್ಲಿ ಗುರುತು ಕಡಿದ ಓಕ್ ಮರದಿಂದ ಶುರುವಾಗಿ, ತೊರೆಯ ಹರಿವನ್ನು ಹಿಡಿದು ನೆರೆಯವನ ಬೇಲಿಯ ಮೂಲೆಯವರೆಗೆ, ಅಲ್ಲಿಂದ ಗುಡ್ಡದ ಮೂರು ಮರಗಳಿಗೆ. ನಾನು ಓದುತ್ತ ಹೋದಂತೆ ಅವಳ ಬಾಯಿ ತೆರೆದೇ ಇತ್ತು.

"ನೀನು ಇಲ್ಲಿ ವಿಮೆ ಕಾಗದ ನೋಡುತ್ತ ಏನು ಮಾಡುತ್ತಿದ್ದೀಯ?" ಎಂದಳು.

ಆ ದಿನ ನನಗಾದ ಹೆಮ್ಮೆ ನನ್ನ ಸಂಬಳ ಏರಿದ ದಿನವೂ ಆಗಿರಲಿಲ್ಲ.

ಆಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಅವಳು ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಫ್ಲಾಟಿಗೆ ಬರತೊಡಗಿದಳು. ನನ್ನ ಗಂಡ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಮ್ಯಾನೇಜರ್. ಶನಿವಾರವೂ ಅವರಿಗೆ ಕೆಲಸ. ಮಗಳು ಬ್ಯಾಡ್ಮಿಂಟನ್‌ಗೆ ಹೋಗಿರುತ್ತಿದ್ದಳು. ನಾವಿಬ್ಬರು ಊಟದ ಮೇಜಿನ ಮೇಲೆ ದೊಡ್ಡ ಹಾಳೆಗಳನ್ನು ಅಂಟಿಸಿ ಧಣಿಯ ಭೂಮಿಯ ನಕ್ಷೆ ಬರೆಯುತ್ತಿದ್ದೆವು. ನಾನು ಓದಿ ಗೆರೆ ಎಳೆಯುವುದು, ಅವಳು ಬಣ್ಣ ತುಂಬುವುದು.

ಧಣಿಯ ಸಂಸಾರ ನನಗೆ ನನ್ನ ನೆಂಟರಿಗಿಂತ ಚೆನ್ನಾಗಿ ಗೊತ್ತಾಯಿತು. ಅವನು ಇಂಗ್ಲೆಂಡಿನ ವ್ಯಾಪಾರಿಯೊಬ್ಬನ ಕಿರಿಯ ಮಗನ ಮೊಮ್ಮಗ. ತಾತ ಹಡಗಿನಲ್ಲಿ ಆಳುಗಳನ್ನು ಕರೆತಂದು, ತಲೆಗಿಷ್ಟು ಎಕರೆಯೆಂದು ಸರ್ಕಾರದಿಂದ ಭೂಮಿ ಪಡೆದಿದ್ದ. ಇವನು ಅದಕ್ಕೆ ಪಕ್ಕದ ತೋಟದ ಶ್ರೀಮಂತ ವಿಧವೆಯನ್ನು ಮದುವೆಯಾಗಿ ಅವಳ ಭೂಮಿ ಸೇರಿಸಿದ. ಅವಳು ಸತ್ತ ಮೇಲೆ ಇನ್ನೊಬ್ಬಳನ್ನು ತಂದ. ಹೊಳೆಯ ಬದಿಯಲ್ಲಿ ದೊಡ್ಡ ಮನೆ, ಅದರ ಸುತ್ತ ಮನೆತೋಟ. ತಂಬಾಕು ಮಣ್ಣಿನ ಸಾರ ಹೀರಿದಂತೆಲ್ಲ ಹೊಳೆಯ ಮೇಲ್ಭಾಗಕ್ಕೆ ಹೊಸ ಭೂಮಿ. ಹಿರಿಯ ಮಗನಿಗೆ ಹೊಳೆಬದಿಯ ಮನೆ, ಮಿಕ್ಕ ಗಂಡುಮಕ್ಕಳಿಗೆ ಮೇಲಿನ ತೋಟಗಳು. ಹೆಣ್ಣುಮಕ್ಕಳಿಗೆ ಭೂಮಿಯಿಲ್ಲ. ಅವರಿಗೆ ಹಾಸಿಗೆ, ಕುದುರೆ, ಮನುಷ್ಯರು.

ಮನುಷ್ಯರ ಹೆಸರು ಬಂದಾಗ ಗೆಳತಿ ಬಣ್ಣದ ಪೆನ್ಸಿಲ್ ಕೆಳಗಿಡುತ್ತಿದ್ದಳು. ಗುಲಾಮರನ್ನೂ ಸಾಮಾನಿನ ಜೊತೆಗೇ ಬರೆದ ಧಣಿಯ ಹಳೆಯ ಪಟ್ಟಿಯೊಂದರಲ್ಲಿ, ಎರಡು ರಾಟೆಗಳ ಕೆಳಗಿನ ಸಾಲಿನಲ್ಲಿ, ನೂಲುವವಳ ಹೆಸರು ಸಿಕ್ಕಿತು. ಹೆಸರು ಅಷ್ಟೇ, ಹಿಂದೆ ಮುಂದೆ ಏನೂ ಇಲ್ಲ. ಅದರ ಪಕ್ಕದಲ್ಲಿ "ಅವಳ ಮಗಳು" ಎಂದು ಬರೆದು ಇನ್ನೊಂದು ಹೆಸರು. ಗೆಳತಿ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ನಾನು ಚಹಾ ಮಾಡಿ ತಂದೆ. ಅವಳು ಕುಡಿಯಲಿಲ್ಲ.

ತೊಡಕು ಬಂದದ್ದು ಅಲ್ಲೇ. ಹತ್ತಾರು ವರ್ಷದ ನಂತರ ಧಣಿ ಬರೆಸಿದ ಉಯಿಲಿನಲ್ಲಿ ನೂಲುವವಳಿದ್ದಳು, ಮಗಳಿರಲಿಲ್ಲ. ಗೆಳತಿಯ ವಂಶದ ಗೊತ್ತಿದ್ದ ಕೊನೆಯ ತುದಿ ಹೊಳೆಯ ಆಚೆಯ ಜಿಲ್ಲೆಯಲ್ಲಿ, ಅದೇ ಮಗಳ ಹೆಸರಿನ ಒಬ್ಬ ಹೆಂಗಸಿನ ಹತ್ತಿರ ನಿಲ್ಲುತ್ತಿತ್ತು. ಇವಳೇ ಅವಳೆಂದು ಹೇಳುವ ಕಾಗದ ಬೇಕಿತ್ತು. ಅದೊಂದು ಸಿಕ್ಕರೆ ಅಜ್ಜಿಯ ಮಾತು ನಿಜ. ಸಿಗದಿದ್ದರೆ ಅದು ಬರೀ ಮಾತು.

ನಾಚಿಕೆಯಾದರೂ ಹೇಳುತ್ತೇನೆ. ಅವಳ ಪಾಲಿಗೆ ಅದು ಗಾಯ ಕೆದಕುವ ಕೆಲಸವಾಗಿತ್ತು, ನನಗೆ ವಾರದ ಸುಖವಾಗಿತ್ತು. ನನ್ನ ಅಜ್ಜಿಯ ತಾಯಿಯ ಹೆಸರು ನನಗೆ ಗೊತ್ತಿಲ್ಲ. ದೊಡ್ಡಜ್ಜಿ ಎನ್ನುತ್ತಿದ್ದರು, ಅಷ್ಟೇ. ಯಾರೂ ನಮ್ಮನ್ನು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ. ಹಾಗಾಗಿ ಆ ಧಣಿ, ಅವನ ಹೊಳೆ, ಅವನ ಮಕ್ಕಳು, ನೂಲುವವಳು ಎಲ್ಲರೂ ನಮ್ಮಿಬ್ಬರವರು ಎಂದು ನಾನು ಒಳಗೊಳಗೇ ತೀರ್ಮಾನಿಸಿಕೊಂಡಿದ್ದೆ.

ಆಗ ಹೆಡ್ ಆಫೀಸಿನಿಂದ ಅವನು ಬಂದ. ಎರಡು ವರ್ಷದ ಮಟ್ಟಿಗೆ ವರ್ಗವಾಗಿ ಬಂದ ಬಿಳಿಯ ಅಮೆರಿಕನ್, ನಲವತ್ತರ ಆಸುಪಾಸು, ಮೃದು ಮಾತು. ಮನೆ ಅಬುಧಾಬಿಯಲ್ಲಿ, ವಾರಕ್ಕೆ ಮೂರು ದಿನ ನಮ್ಮ ಆಫೀಸಿಗೆ. ಒಂದು ದಿನ ಪ್ಯಾಂಟ್ರಿಯಲ್ಲಿ ನಾವಿಬ್ಬರು ಹೊಳೆಯ ಹೆಸರು ಹೇಳಿಕೊಂಡು ಮಾತಾಡುತ್ತಿದ್ದೆವು. ಕಾಫಿ ಬಗ್ಗಿಸುತ್ತಿದ್ದವನು ತಿರುಗಿದ.

"ಕ್ಷಮಿಸಿ, ಆ ಹೊಳೆಯ ಬಗ್ಗೆ ನಿಮಗೆ ಹೇಗೆ ಗೊತ್ತು? ನನ್ನ ತಾಯಿಯ ಕಡೆಯವರು ಅಲ್ಲಿಯವರು."

ಗೆಳತಿ ಧಣಿಯ ಮನೆತನದ ಹೆಸರು ಹೇಳಿದಳು. ಅವನ ಮುಖ ಮೊದಲು ಅರಳಿತು. ಆಮೇಲೆ ಅವಳ ಮುಖ ನೋಡಿ, ಅವಳಿಗೆ ಆ ಹೆಸರು ಯಾಕೆ ಗೊತ್ತಿರಬಹುದೆಂದು ಹೊಳೆದು, ಹಾಗೇ ಬಾಡಿತು. ಅವನು ಧಣಿಯ ಹಿರಿಯ ಮಗನ ವಂಶದವನು.

ಒಂದು ವಾರ ಗೆಳತಿ ಅವನತ್ತ ನೋಡಲಿಲ್ಲ. ಆ ವಾರ ನಾನು ಬಹಳ ಖುಷಿಯಲ್ಲಿದ್ದೆ. ಎರಡನೆಯ ವಾರ ಅವನು ಅವಳ ಮೇಜಿನ ಹತ್ತಿರ ಬಂದು, "ನಮ್ಮ ಮನೆಯ ಹಳೆಯ ಬೈಬಲಿನಲ್ಲಿ ಹುಟ್ಟು ಸಾವು ಬರೆದಿದ್ದಾರೆ. ನಿಮಗೆ ಬೇಕಾದ್ದು ಅದರಲ್ಲಿ ಇರಬಹುದು. ಬೇಡವೆಂದರೂ ಅರ್ಥವಾಗುತ್ತದೆ" ಎಂದ. ಅವಳು ಬೇಕು ಎಂದಳು. ಮೂರನೆಯ ವಾರ ಅವರಿಬ್ಬರು ಕೆರೆಯ ಬದಿಯ ಬೆಂಚಿನಲ್ಲಿ ಕೂತಿದ್ದರು. ನಾನು ಇಪ್ಪತ್ತೊಂದನೆಯ ಮಹಡಿಯ ಗಾಜಿನಿಂದ ನೋಡಿದೆ. ಅಷ್ಟು ಎತ್ತರದಿಂದಲೂ ಅವಳ ಹಳದಿ ಸ್ಕಾರ್ಫ್ ಗುರುತು ಸಿಕ್ಕಿತು. ಅಂದು ಡಬ್ಬಿಯ ದೋಸೆಯನ್ನೆಲ್ಲ ನಾನೊಬ್ಬಳೇ ತಿಂದೆ, ಸಿಟ್ಟಿಗೆ.

ಮರುದಿನ ನಾನು ಕೇಳಿಯೇಬಿಟ್ಟೆ. "ಅವನ ಜೊತೆ ಕೂತು ಊಟ ಮಾಡಲು ನಿನಗೆ ಮನಸ್ಸಾದರೂ ಹೇಗೆ ಬರುತ್ತದೆ? ಅವನ ಮನೆಯವರು ನಿನ್ನ ಮನೆಯವರನ್ನು ಏನು ಮಾಡಿದ್ದರು ಎಂದು ನಿನಗೆ ನಾನೇ ಓದಿ ಹೇಳಿದ್ದೇನೆ."

ಅವಳು ನನ್ನನ್ನು ದಿಟ್ಟಿಸಿದಳು. "ಅವನು ಯಾರ ವಂಶದವನು ಎಂದು ನನಗೆ ಗೊತ್ತು. ಅಗಿಯುವಾಗ ಮರೆತುಹೋಗುತ್ತದೆ ಅಂದುಕೊಂಡೆಯಾ?"

ಅವಳ ಪರವಾಗಿ ನನಗೆ ಸಿಟ್ಟು ಬಂದಿದೆಯೆಂದು ನನಗೇ ನಂಬಿಸಿಕೊಂಡಿದ್ದೆ. ಅದು ಅವಳ ಪರವಾಗಿರಲಿಲ್ಲ.

ಆಮೇಲೆ ಅವರಿಬ್ಬರು ಡಿಎನ್‌ಎ ನೋಡಲು ಎಂಜಲು ಪರೀಕ್ಷೆಯ ಡಬ್ಬಿ ತರಿಸಿ, ಅಮೆರಿಕಕ್ಕೆ ಕಳಿಸಿ, ವಂಶದ ಲೆಕ್ಕ ತೆಗೆಸಿದರು. ಬಹಳ ದೂರದ, ಆದರೆ ನಿಜವಾಗಿಯೂ ಇರುವ ರಕ್ತಸಂಬಂಧ. ಅಂಥ ಸಂಬಂಧ ಆ ತೋಟದಲ್ಲಿ ಹೇಗೆ ಉಂಟಾಗಿರುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೆಳತಿ ಎರಡು ದಿನ ರಜೆ ಹಾಕಿದಳು. ಮೂರನೆಯ ದಿನ ಬಂದಾಗ ಅವನು ಬಾಗಿಲಲ್ಲಿ ನಿಂತು, ಹೆದರುತ್ತ ಹೆದರುತ್ತ, "ಗುಡ್ ಮಾರ್ನಿಂಗ್, ಕಸಿನ್" ಎಂದ. ಅವಳು ಕಣ್ಣು ಮುಚ್ಚಿದಳು. ಆಮೇಲೆ ನಕ್ಕಳು. ನಾಲ್ಕು ವರ್ಷದಲ್ಲಿ ನಾನು ಕೇಳಿರದ ನಗು ಅದು.

ಮನೆಗೆ ಬಂದು ಪಾತ್ರೆ ಕುಕ್ಕುತ್ತ ಗಂಡನಿಗೆ ಇದನ್ನೆಲ್ಲ ಹೇಳಿದೆ.

"ನಿಂಗೆ ಎಂತ ಆಗಬೇಕು ಮಾರಾಯ್ತಿ? ಅವರವರ ಸಂಬಂಧ ಅವರಿಗೆ ಸಿಕ್ಕಿತು. ಖಲಾಸ್" ಎಂದರು ಅವರು.

"ನಿಮಗೆ ಗೊತ್ತಾಗುದಿಲ್ಲ. ಆ ಕಾಗದ ಎಲ್ಲ ಓದಿದ್ದು ಯಾರು? ನಾನಲ್ವಾ?"

ಸೋಫಾದಲ್ಲಿ ಫೋನ್ ಒತ್ತುತ್ತಿದ್ದ ಮಗಳು ತಲೆಯೆತ್ತದೆ, "ಅಮ್ಮಾ, ಯು ಆರ್ ಜಸ್ಟ್ ಜೆಲಸ್" ಎಂದಳು. ಹದಿನಾಲ್ಕು ವರ್ಷದವಳ ಬಾಯಿಂದ ಅಷ್ಟು ನೇರವಾಗಿ ಕೇಳಿದಾಗ ಕೈಯಲ್ಲಿದ್ದ ಸೌಟು ಜಾರಿ ಬೇಸಿನ್ನಿಗೆ ಬಿತ್ತು.

ಅವನ ತಾಯಿ ಮಗನನ್ನು ನೋಡಲು ಅಬುಧಾಬಿಗೆ ಬಂದರು. ಗೆಳತಿಯನ್ನು ಕರೆದರು, ಗೆಳತಿ ನನ್ನನ್ನೂ ಕರೆದಳು. ಹೋಗಬಾರದು ಎಂದುಕೊಂಡು ಹೋದೆ. ಇದ್ದದ್ದರಲ್ಲೇ ಒಳ್ಳೆಯ ಸೀರೆ ಉಟ್ಟು ಹೋದೆ.

ಎಪ್ಪತ್ತೈದು ದಾಟಿದ ಬೆಳ್ಳಗಿನ ಮುದುಕಿ, ತೆಳುವಾದ ಕೈಗಳು. ಗೆಳತಿಯನ್ನು ಬಾಗಿಲಲ್ಲೇ ಎರಡೂ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ತನ್ನ ಪಕ್ಕ ಕೂರಿಸಿಕೊಂಡರು. ಬೈಬಲಿನ ಪುಟಗಳನ್ನು ತೋರಿಸಿದರು. ಜಲವರ್ಣದಲ್ಲಿ ಬರೆದ ತೋಟದ ಹಳೆಯ ನಕ್ಷೆಯ ನಕಲನ್ನು ಮೇಜಿನ ಮೇಲೆ ಹರಡಿದರು. ಮೂಲ ನಕ್ಷೆ ಅವರ ಊರಿನ ಮನೆಯ ಗೋಡೆಯಲ್ಲಿದೆಯಂತೆ. ಹೊಳೆ, ದೊಡ್ಡ ಮನೆ, ಗಿರಣಿ, ತಂಬಾಕು ಒಣಗಿಸುವ ಕೊಟ್ಟಿಗೆಗಳು, ಆಳುಗಳ ಬಿಡಾರದ ಸಾಲು. ನಾನು ಕಾಗದದ ಮಾತಿನಿಂದಲೇ ಹುಡುಕಿ ಹುಡುಕಿ ಎಳೆದ ಗೆರೆಗಳೆಲ್ಲ ಅಲ್ಲಿ ತಲೆತಲಾಂತರದಿಂದ ನೀಲಿ ಹಸಿರು ಬಣ್ಣದಲ್ಲಿ ಸಿದ್ಧವಾಗಿ ಇದ್ದವು. ನಮ್ಮ ಆರು ತಿಂಗಳ ಶನಿವಾರಗಳು ಅವರ ಊರಿನ ಆ ಗೋಡೆಯ ಮೇಲೆ ತೂಗುತ್ತಿದ್ದವು.

ಮುದುಕಿ ನನ್ನತ್ತ ತಿರುಗಿ ಅಕ್ಕರೆಯಿಂದಲೇ ಕೇಳಿದರು, "ಮತ್ತೆ ನಿಮ್ಮ ಸಂಬಂಧ ಏನಮ್ಮ ಇದರಲ್ಲಿ?"

"ನಾನು ಕೈಬರಹ ಓದಿ ಕೊಡುವವಳು" ಎಂದೆ.

"ಅಯ್ಯೋ, ಎಷ್ಟು ಒಳ್ಳೆಯ ಮನಸ್ಸು" ಎಂದು ನನಗೆ ಇನ್ನೊಂದು ಬಿಸ್ಕತ್ತು ಕೊಟ್ಟರು.

ಆ ಬಿಸ್ಕತ್ತು ಕೈಯಲ್ಲಿ ಹಿಡಿದುಕೊಂಡು ನಾನು ಒಂದು ಗಂಟೆ ಕೂತಿದ್ದೆ. ಮುದುಕಿ ಎರಡು ಸಲ ಅತ್ತರು. ಗೆಳತಿ ಅಳಲಿಲ್ಲ, ಆದರೆ ಕೈ ಬಿಡಿಸಿಕೊಳ್ಳಲೂ ಇಲ್ಲ.

ಹಿಂದಿರುಗುವಾಗ ಗೆಳತಿ ಕಾರು ಓಡಿಸಿದಳು. ಜೆಬೆಲ್ ಅಲಿ ಹತ್ತಿರ ಬಂದಾಗ ಕಂಪನಿ ಬಸ್ಸುಗಳು ಸಾಲಾಗಿ ನಮ್ಮ ಪಕ್ಕ ಹೋಗುತ್ತಿದ್ದವು, ಕಿಟಕಿಗೆ ತಲೆಯೊರಗಿಸಿ ನಿದ್ದೆ ಮಾಡುವ ಕಾರ್ಮಿಕರು. ಆಗ ಹೇಳಿದಳು.

"ವಸಂತದಲ್ಲಿ ಬಾ, ಜಾಗ ತೋರಿಸುತ್ತೇವೆ ಎಂದು ಕರೆದಿದ್ದಾರೆ. ಅವನೂ ತಾಯಿಯೂ ಬರುತ್ತಾರೆ."

"ಹೋಗುತ್ತೀಯಾ?"

"ಆ ಮಗಳ ಕಾಗದ ಸಿಕ್ಕರೆ ಹೋಗುತ್ತೇನೆ. ಸಿಗದೆ ಅಲ್ಲಿ ಹೋಗಿ ಯಾರ ಹೆಸರು ಹೇಳಿ ನಿಲ್ಲಲಿ? ನೀನು ಹುಡುಕಿಕೊಡು. ನಿನ್ನಿಂದ ಮಾತ್ರ ಆಗುತ್ತದೆ."

ಹುಡುಕಿಕೊಡುತ್ತೇನೆ ಎಂದೆ. ನಾನು ಹುಡುಕಿಕೊಟ್ಟರೆ ಅವಳು ಅವರ ಜೊತೆ ಹೋಗುತ್ತಾಳೆ ಎಂಬುದು ಆ ಕ್ಷಣದಲ್ಲೇ ನನಗೆ ಸ್ಪಷ್ಟವಾಗಿತ್ತು.

ಅದು ಮುಂದಿನ ಭಾನುವಾರವೇ ಸಿಕ್ಕಿತು. ಅಪ್ಪನ ಜಗಲಿಯಲ್ಲಿ ಕಲಿತದ್ದು ಒಂದು ನೆನಪಾಗಿತ್ತು. ಮನೆಯ ಹೆಣ್ಣಿಗೆ ಕೊಟ್ಟದ್ದನ್ನು ಉಯಿಲಿನಲ್ಲಿ ಹುಡುಕಬಾರದು, ದಾನಪತ್ರದಲ್ಲಿ ಹುಡುಕಬೇಕು. ಧಣಿಯ ಕಿರಿಯ ಮಗಳು ಹೊಳೆಯಾಚೆಗೆ ಮದುವೆಯಾಗಿ ಹೋದವಳು. ನಾನು ಆಚೆಯ ಜಿಲ್ಲೆಯ ನೋಂದಣಿ ಪುಸ್ತಕದ ಪುಟಗಳನ್ನು ತಿರುವುತ್ತ ಹೋದೆ. ಮಧ್ಯಾಹ್ನ ಊಟ ಮಾಡಿ ಬಂದು ಕೂತು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. "ನನ್ನ ಪ್ರೀತಿಯ ಮಗಳಿಗೆ, ಅವಳ ಮದುವೆಯ ಸಂದರ್ಭದಲ್ಲಿ, ಮಮತೆಯಿಂದ" ಎಂದು ಶುರುವಾಗಿ, ಒಂದು ಕಂದು ಕುದುರೆ, ಒಂದು ಗರಿಯ ಹಾಸಿಗೆ, ಆಮೇಲೆ "ನೂಲುವವಳ ಮಗಳು" ಎಂದು, ಅದೇ ಹೆಸರು.

ಆ ಹುಡುಗಿಗೆ ಆಗ ಎಷ್ಟು ವಯಸ್ಸೋ. ಹೊಳೆ ದಾಟಿಸಿ ಕಳಿಸಿದ್ದರು, ತಾಯಿಯನ್ನು ಈಚೆಯೇ ಬಿಟ್ಟು. ಪುಟವನ್ನು ಪ್ರಿಂಟ್ ಮಾಡಿದೆ. ಫೋನ್ ಕೈಗೆ ತೆಗೆದುಕೊಂಡೆ, ಅವಳ ಹೆಸರಿನವರೆಗೂ ಹೋದೆ. ಆಗ ಕಣ್ಣಿಗೆ ಕಟ್ಟಿದ್ದು ಗೆಳತಿಯ ಸಂತೋಷವಲ್ಲ. ಆ ಮುದುಕಿ ಮತ್ತು ಆ ಮಗ ಹೊಳೆಯ ದಂಡೆಯಲ್ಲಿ ಅವಳ ಎಡಬಲಕ್ಕೆ ನಿಂತಿರುವ ಚಿತ್ರ. ಫೋನ್ ಕೆಳಗಿಟ್ಟೆ. ಹಾಳೆಯನ್ನು ಮಗಳ ಹಳೆಯ ಶಾಲಾ ಫೈಲಿನೊಳಗೆ ಸೇರಿಸಿದೆ.

"ಎಂತ, ಸಿಕ್ಕಿತಾ?" ಎಂದು ಗಂಡ ಒಳಗಿನಿಂದ ಕೇಳಿದರು.

"ಇಲ್ಲ ಮಾರಾಯ್ರೆ."

ಆಮೇಲೆ ಏಳು ವಾರ ಸುಳ್ಳು ಹೇಳಿದೆ. ಬೆಳಿಗ್ಗೆ ಅವಳು ಹುಬ್ಬೇರಿಸಿ "ಏನಾದರೂ?" ಎನ್ನುವಳು. ನಾನು ಕೈಯಾಡಿಸಿ, ಇಲ್ಲಿಯ ಅರಬಿಯಲ್ಲಿ, "ಮಾಫಿ" ಎನ್ನುವೆ. ಇಲ್ಲ ಎನ್ನುವುದಕ್ಕೆ ಅದು ತಮಾಷೆಯ ಮಾತಾಗಿತ್ತು ನಮ್ಮಲ್ಲಿ. ತಮಾಷೆಯೆಂದುಕೊಂಡರೆ ಸುಳ್ಳು ಸ್ವಲ್ಪ ಹಗುರಾಗುತ್ತಿತ್ತು. ಅವನು ಬಂದ ಮೇಲೆ ಶನಿವಾರ ತಪ್ಪಿಸುತ್ತಿದ್ದವಳು ಹುಡುಕಾಟಕ್ಕಾಗಿ ಮತ್ತೆ ನಮ್ಮ ಮನೆಗೆ ಬರತೊಡಗಿದಳು, ನನಗೆ ಬೇಕಾದದ್ದೂ ಅದೇ. ಅವಳೆದುರು ಕೂತು ಬೇರೆ ಬೇರೆ ಪುಟಗಳನ್ನು ಓದುವ ನಾಟಕವಾಡಿದೆ. ಅವಳ ಹಿಂದಿನ ಕಪಾಟಿನಲ್ಲೇ ಆ ಫೈಲಿತ್ತು.

ಐದನೆಯದೋ ಆರನೆಯದೋ ವಾರ, ಒಂದು ಶನಿವಾರ, ಅವಳು ಕನ್ನಡಕ ತೆಗೆದು ಕಣ್ಣೊತ್ತಿಕೊಂಡಳು.

"ಆ ಹುಡುಗಿ ಸತ್ತೇ ಹೋಗಿರಬೇಕು" ಎಂದಳು. "ಪಟ್ಟಿ ಬರೆದದ್ದಕ್ಕೂ ಉಯಿಲು ಬರೆದದ್ದಕ್ಕೂ ನಡುವೆ ಸತ್ತಿರಬೇಕು. ಎಷ್ಟೋ ಮಕ್ಕಳು ಸಾಯುತ್ತಿದ್ದವು. ನಾವು ಬೇರೆ ಯಾರದೋ ವಂಶದವರು. ಅಜ್ಜಿಗೆ ಯಾರೋ ಕತೆ ಹೇಳಿದ್ದರು."

ನಾನು ಅವಳ ಬೆನ್ನು ಸವರಿದೆ. ಆಗಲೂ ಹೇಳಲಿಲ್ಲ.

ಕೊನೆಗೆ ಹೇಳಿದ್ದು ಒಳ್ಳೆಯತನದಿಂದಲ್ಲ. ಒಂದು ಮಂಗಳವಾರ ಅವನು ನನ್ನ ಮೇಜಿನ ಹತ್ತಿರ ಬಂದು, "ಅಮ್ಮ ಫೋನಿನಲ್ಲಿ ಒಂದು ವಿಷಯ ಹೇಳಿದರು. ನಮ್ಮ ಕಡೆ ಹೆಣ್ಣುಮಕ್ಕಳ ಮದುವೆಗೆ ಜನರನ್ನು ಉಡುಗೊರೆ ಕೊಡುತ್ತಿದ್ದರಂತೆ. ಹೇಳಲು ನಾಚಿಕೆಯಾಗುತ್ತದೆ. ದಾನಪತ್ರಗಳನ್ನು ನೋಡಿದ್ದೀರಾ? ಇಲ್ಲದಿದ್ದರೆ ಈ ವಾರ ನಾನು ಕೂತು ನೋಡುತ್ತೇನೆ" ಎಂದ.

ಅವನು ನೋಡುತ್ತಾನೆ, ಅವನಿಗೆ ಸಿಗುತ್ತದೆ, ಅವನು ಅವಳಿಗೆ ಕೊಡುತ್ತಾನೆ. ಅದನ್ನು ತಡೆದುಕೊಳ್ಳಲು ನನ್ನಿಂದ ಸಾಧ್ಯವಿರಲಿಲ್ಲ. ತಲೆನೋವೆಂದು ಹೇಳಿ ಟ್ಯಾಕ್ಸಿ ಹಿಡಿದು ಮನೆಗೆ ಹೋದೆ. ಫೈಲಿನಿಂದ ಹಾಳೆ ತೆಗೆದುಕೊಂಡು ಊಟದ ಹೊತ್ತಿಗೆ ವಾಪಸು ಬಂದೆ. ಗೆಳತಿಯನ್ನು ಕೆರೆಯ ಬದಿಗೆ ಕರೆದುಕೊಂಡು ಹೋಗಿ ಕೈಯಲ್ಲಿಟ್ಟೆ.

"ಓದು. ಈಗ ನಿನಗೂ ಬರುತ್ತದೆ" ಎಂದೆ.

ಅವಳು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಹೆಸರು ಬಂದಾಗ ಗಟ್ಟಿಯಾಗಿ ಹೇಳಿದಳು. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ನನ್ನನ್ನು ತಬ್ಬಿಕೊಂಡು, ಹಾಗೇ ಹಿಡಿದುಕೊಂಡು, ನನ್ನ ಭುಜ ಒದ್ದೆಯಾಗುವಷ್ಟು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳು ಅತ್ತದ್ದು ಅವರ ಮನೆಯ ಸೋಫಾದ ಮೇಲಲ್ಲ, ನನ್ನ ಭುಜದ ಮೇಲೆ ಎಂದು ಆಗಲೂ ನನ್ನ ತಲೆಯಲ್ಲಿ ಲೆಕ್ಕ ನಡೆದಿತ್ತು.

ಆಮೇಲೆ ಅವಳು ಕಣ್ಣೊರೆಸಿಕೊಂಡು ಹಾಳೆಯನ್ನು ಇನ್ನೊಮ್ಮೆ ನೋಡಿದಳು. ಪ್ರಿಂಟ್ ಮಾಡಿದ ದಿನ ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬಿದ್ದಿರುತ್ತದೆ. ಇಪ್ಪತ್ತು ವರ್ಷ ಬೇರೆಯವರ ತಪ್ಪು ಹಿಡಿದವಳ ಕಣ್ಣು ಅಲ್ಲಿಗೆ ಹೋಗದೆ ಇರುತ್ತದೆಯೇ?

"ಇದು ನಾವು ಅಬುಧಾಬಿಗೆ ಹೋಗಿ ಬಂದ ಮರುವಾರದ್ದು" ಎಂದಳು.

ನಾನು ಕೆರೆಯತ್ತ ತಿರುಗಿದೆ.

"ನಿನ್ನ ಹತ್ತಿರ ಇತ್ತಾ ಇದು? ಅಷ್ಟು ದಿನ?"

"ಇತ್ತು."

"ಯಾಕೆ?"

ಬೇರೆ ಕಾರಣ ಹುಡುಕಿದೆ. ಸಿಗಲಿಲ್ಲ. "ನನಗೆ ಹೊಟ್ಟೆಕಿಚ್ಚಾಯಿತು. ನಿನಗೆ ಅವರು ಸಿಕ್ಕಿಬಿಟ್ಟರು. ನಿಮ್ಮಿಬ್ಬರಿಗೂ ಒಬ್ಬನೇ ಧಣಿ, ಒಂದೇ ಹೊಳೆ. ಕಾಗದ ಓದಿದವಳು ನಾನು, ಕೊನೆಗೆ ನಾನೇ ಹೊರಗಿನವಳು."

"ಅದಕ್ಕೆ ಹೊಟ್ಟೆಕಿಚ್ಚು ಪಡುತ್ತೀಯಾ ನೀನು? ಅದಕ್ಕೆ?" ಅವಳ ದನಿ ಏರಲಿಲ್ಲ, ಇಳಿಯಿತು. "ಕುದುರೆ, ಹಾಸಿಗೆ, ಆಮೇಲೆ ಆ ಹುಡುಗಿ. ಆ ಸಾಲಿನಲ್ಲಿ ನಿನಗೂ ಜಾಗ ಬೇಕಿತ್ತಾ?"

ನಾನು ತಲೆ ತಗ್ಗಿಸಿದೆ.

"ಇಷ್ಟು ವರ್ಷ ಅವಳು ಕಳೆದುಹೋಗಿದ್ದು ಅವರಿಂದ. ಈ ಏಳು ವಾರ ಕಳೆದುಹೋಗಿದ್ದು ನಿನ್ನಿಂದ" ಎಂದು ಹೇಳಿ, ಹಾಳೆಯನ್ನು ಮಡಿಸದೆ, ಎದೆಗೆ ಒತ್ತಿಕೊಂಡು ಎದ್ದು ಹೋದಳು.

ಮರುದಿನದಿಂದ ಅವಳು ನನ್ನ ಜೊತೆ ಕೆಲಸದ ಮಾತು ಮಾತ್ರ ಆಡಿದಳು, ಮರ್ಯಾದೆಯಿಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನಿಗೆ ಅವಳು ನನ್ನ ಸುಳ್ಳಿನ ವಿಷಯ ಹೇಳಿರಲಿಲ್ಲ ಎಂದು ನನಗೆ ಗೊತ್ತಾಯಿತು. ಯಾಕೆಂದರೆ ಅವನು ನನ್ನ ಮೇಜಿಗೆ ಬಂದು, "ನೀವು ಹುಡುಕಿಬಿಟ್ಟಿರಿ! ನನ್ನಿಂದ ಎಂದೂ ಆಗುತ್ತಿರಲಿಲ್ಲ" ಎಂದು ಮನಸಾರೆ ಅಭಿನಂದಿಸಿದ. ಅವನಿಗೆ ಥ್ಯಾಂಕ್ಸ್ ಹೇಳಿದೆ. ಒಳಗೆ ಬೇಯುತ್ತಿತ್ತು. ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು.

ವಸಂತದಲ್ಲಿ ಅವಳು ವರ್ಜೀನಿಯಾಕ್ಕೆ ಹೋದಳು. ಹತ್ತು ದಿನ. ಅವಳ ಖಾಲಿ ಮೇಜಿನ ಪಕ್ಕ ಕೂತು ನಾನು ದಿನಕ್ಕೆ ಎಷ್ಟು ಸಲ ಫೋನ್ ನೋಡಿದೆನೋ. ಒಂದು ಚಿತ್ರ ಬರಲಿಲ್ಲ, ಒಂದು ಸಾಲು ಬರಲಿಲ್ಲ.

ಹಿಂದಿರುಗಿದ ಮೇಲೆ ಒಂದು ದಿನ ಅವಳಾಗಿಯೇ ನನ್ನ ಕುರ್ಚಿಯ ಹತ್ತಿರ ನಿಂತು, "ಕೆಳಗೆ ಬಾ" ಎಂದಳು. ಹೋದೆ. ಬಿಸಿಲಿನಲ್ಲಿ ನಡೆಯುತ್ತ ಎಲ್ಲ ಹೇಳಿದಳು. ದೊಡ್ಡ ಮನೆ ಎಂದೋ ಸುಟ್ಟುಹೋಗಿದೆ. ಅಡಿಪಾಯದ ಇಟ್ಟಿಗೆ ಮಾತ್ರ ಇದೆ. ತಂಬಾಕು ಬೆಳೆದ ಜಾಗದಲ್ಲಿ ಯಾರೋ ಸೋಯಾ ಬೆಳೆಯುತ್ತಾರೆ. ಮೇಲಿನ ತೋಟವೊಂದರಲ್ಲಿ ಮನೆಗಳೆದ್ದಿವೆ. ಧಣಿಯ ಮನೆಯವರ ಸಮಾಧಿಗೆ ಕಬ್ಬಿಣದ ಬೇಲಿ, ಕೆತ್ತಿದ ಕಲ್ಲು. ಅದರ ಕೆಳಗಿನ ಇಳಿಜಾರಿನಲ್ಲಿ ನೆಲ ಅಲ್ಲಲ್ಲಿ ಮನುಷ್ಯನುದ್ದಕ್ಕೆ ಕುಸಿದಿದೆ, ಮೇಲೆ ನೀಲಿ ಹೂವಿನ ಬಳ್ಳಿ ಹಬ್ಬಿದೆ. ಅಲ್ಲಿ ಹೆಸರಿಲ್ಲ.

"ಅವನ ತಾಯಿಗೆ ಮೊಣಕಾಲು ನೋವು, ಇಳಿಯಲಾಗಲಿಲ್ಲ. ಅವನು ಅರ್ಧ ದಾರಿಗೆ ನಿಂತ. ಇದು ನಿನ್ನದು, ನಾನು ಇಲ್ಲೇ ಇರುತ್ತೇನೆ ಎಂದ. ನಾನೊಬ್ಬಳೇ ಇಳಿದು ನಿಂತು ಇಬ್ಬರ ಹೆಸರೂ ಕರೆದೆ. ತಾಯಿಯದು, ಮಗಳದು" ಎಂದಳು.

ನಾನು ಕ್ಷಮೆ ಕೇಳಿದೆ.

"ನಾನಿನ್ನೂ ಸಿಟ್ಟಿನಲ್ಲಿದ್ದೇನೆ. ಆದರೆ ಹೆಸರು ಕರೆದ ಮೇಲೆ ಅದನ್ನು ಹೇಳಬೇಕೆನಿಸಿದ್ದು ನಿನಗೆ. ಅದಕ್ಕೆ ಹೇಳಿದೆ" ಎಂದಳು.

ಮೊದಲಿನಂತೆ ಆಗಲಿಲ್ಲ. ಅವನ ಎರಡು ವರ್ಷ ಮುಗಿದು ಅವನು ಹೊರಟುಹೋದ. ಅವಳಿಗೆ ಅಬುಧಾಬಿಯಲ್ಲಿ ಬೇರೆ ಕೆಲಸ ಸಿಕ್ಕಿತು. ತಿಂಗಳಿಗೊಮ್ಮೆ ಭೇಟಿಯಾಗುತ್ತೇವೆ, ಊಟ ಮಾಡುತ್ತೇವೆ, ನಗುತ್ತೇವೆ. ಧಣಿಯ ಕಾಗದಗಳ ಮಾತು ನಾನಾಗಿ ಎತ್ತುವುದಿಲ್ಲ. ಅವಳ ಫೋನ್ ರಿಂಗಾದಾಗ, "ನನ್ನ ಕಸಿನ್" ಎಂದು ನಕ್ಕು ಎದ್ದು ಹೋಗುತ್ತಾಳೆ. ಆಗ ನಾನು ಮೆನು ಓದುತ್ತ ಕೂರುತ್ತೇನೆ.

ಕಳೆದ ತಿಂಗಳು ಅವನ ತಾಯಿ ತೀರಿಕೊಂಡರು. ಗೆಳತಿಯನ್ನು ಅಂತ್ಯಕ್ರಿಯೆಗೆ ಕರೆದಿದ್ದರು, ಮನೆಯವರ ಸಾಲಿನಲ್ಲಿ ನಿಂತು ನಾಲ್ಕು ಮಾತಾಡಬೇಕೆಂದು. ವಿಮಾನ ದುಬೈಯಿಂದಿತ್ತು, ಏರ್‌ಪೋರ್ಟಿಗೆ ನಾನೇ ಬಿಡುತ್ತೇನೆ ಎಂದೆ. ದಾರಿಯಲ್ಲಿ ಅವಳು ಬರೆದುಕೊಂಡದ್ದನ್ನು ಓದಿ ತೋರಿಸಿದಳು. ತನ್ನ ಕೈ ಹಿಡಿದು ಕೂತ ಮುದುಕಿಯ ಬಗ್ಗೆ, ಆ ಮುದುಕಿ ಯಾವುದನ್ನೂ ಮುಚ್ಚಿಡಲಿಲ್ಲವೆಂಬುದರ ಬಗ್ಗೆ.

"ಹೇಗಿದೆ? ತಪ್ಪಿದ್ದರೆ ಹೇಳು, ಅದು ನಿನ್ನ ಕೆಲಸ" ಎಂದಳು.

"ಚೆನ್ನಾಗಿದೆ. ಏನೂ ತೆಗೆಯಬೇಡ" ಎಂದೆ. ನಿಜವಾಗಿಯೂ ಚೆನ್ನಾಗಿತ್ತು.

ಅವಳು ಇಳಿದು, ಚೀಲ ಎಳೆದುಕೊಂಡು, ಕೈಬೀಸಿ ಒಳಗೆ ಹೋದಳು. ನಾನು ಶೇಖ್ ಝಾಯೆದ್ ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡೆ. ಆ ಒಂದು ಗಂಟೆಯೂ, ದೇವರಾಣೆಗೂ, ಸತ್ತುಹೋದ ಆ ಮುದುಕಿಯ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಲೇ ಇತ್ತು.